ಎಡಗಾಲಿನ ಅಳತೆ

ಆಕೆಯ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ನಾನು ಫಿಸಿಯೋಥೆರಪಿಸ್ಟ್. ಡಾಲಸ್ ಪಕ್ಕದ ರಿಚರ್ಡ್‌ಸನ್‌ನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಹದಿನೇಳು ವರ್ಷಗಳಿಂದ ಬೇರೆಯವರ ಮಂಡಿ, ಭುಜ, ಸೊಂಟಗಳನ್ನು ಮಡಿಸುತ್ತ ಬಿಡಿಸುತ್ತ ಬಂದಿದ್ದೇನೆ. ನಮ್ಮ ಮೇಜಿನ ಮೇಲೆ ಮಲಗಿದವರ ಹೆಸರು ಕ್ಲಿನಿಕ್ಕಿನ ಬಾಗಿಲು ದಾಟಬಾರದು ಎನ್ನುವುದು ಕಸುಬಿನ ಮೊದಲ ನಿಯಮ. ಆಕೆಯ ವಿಷಯದಲ್ಲಿ ಈ ನಿಯಮವನ್ನಾದರೂ ಪಾಲಿಸುತ್ತೇನೆ. ಇನ್ನೊಂದನ್ನು ಪಾಲಿಸಲಿಲ್ಲ. ಉಳಿದದ್ದನ್ನೆಲ್ಲ ಬರೆಯಬಹುದು ಎಂದು ಆಕೆಯೇ ಒಪ್ಪಿಗೆ ಕೊಟ್ಟಿದ್ದಾಳೆ.

ಹೋದ ತಿಂಗಳು ಜಾರ್ಜ್‌ಟೌನ್‌ನಿಂದ ಸುಷ್ಮಾ ಫೋನ್ ಮಾಡಿದಳು. ಮೈಸೂರಿನಲ್ಲಿ ನನ್ನ ಜೊತೆ ಕಾಲೇಜಿನಲ್ಲಿ ಓದಿದವಳು, ಈಗ ಆಸ್ಟಿನ್‌ನಲ್ಲಿ ಕೆಲಸ, ಜಾರ್ಜ್‌ಟೌನ್‌ನಲ್ಲಿ ಹೊಸ ಮನೆ. ಹನ್ನೊಂದು ವರ್ಷದ ಮಗಳು ಅನ್ವಿ ಫುಟ್‌ಬಾಲ್ ಆಡುತ್ತಾಳೆ.

"ನಮ್ಮ ಅನ್ವಿ ಕೋಚ್ ಜಪಾನಿಗೆ ವಾಪಸ್ ಹೋಗ್ತಿದಾರೆ ಕಣೇ. ಈ ಶನಿವಾರ ಲಾಸ್ಟ್ ಪ್ರಾಕ್ಟೀಸು. ನೀನು ಬಂದು ಎರಡು ಮಾತಾಡ್ಬೇಕು."

"ನಾನ್ಯಾಕೆ? ಪೇರೆಂಟ್ಸ್ ಅಷ್ಟೊಂದು ಜನ ಇದೀರಲ್ಲ."

"ಅವರೇ ಹೇಳಿದ್ದು. ಸೆನ್ಸೇನ ಕರೀರಿ ಅಂದ್ರು."

ಜಪಾನಿನಲ್ಲಿ ಮೇಷ್ಟರು, ಡಾಕ್ಟರು ಮುಂತಾದವರನ್ನು ಸೆನ್ಸೇ ಎನ್ನುತ್ತಾರಂತೆ. ನನ್ನನ್ನು ಹಾಗೆ ಕರೆದವಳು ಈ ಕೋಚ್, ಆಕೆಯೊಬ್ಬಳೇ. ಐದು ವರ್ಷಗಳಿಂದ ನಾವಿಬ್ಬರೂ ಮಾತಾಡಿರಲಿಲ್ಲ. ಸುಷ್ಮಾಗೆ ಬರುತ್ತೇನೆ ಎಂದೆ. ಫೋನ್ ಇಟ್ಟ ಮೇಲೆ, ಯಾಕಾದರೂ ಒಪ್ಪಿಕೊಂಡೆನೋ ಎಂದುಕೊಂಡೆ.

ಮೊದಲ ಸಲ ಆಕೆ ನಮ್ಮ ಕ್ಲಿನಿಕ್ಕಿಗೆ ಬಂದಾಗ ವಯಸ್ಸು ಮೂವತ್ತೆರಡು. ಡಾಲಸ್‌ನ ಒಂದು ಮಹಿಳಾ ತಂಡದ ಎಡಭಾಗದ ಡಿಫೆಂಡರ್. ಬಲಮಂಡಿಯ ಒಳಗಿನ ಲಿಗಮೆಂಟ್ ಹರಿದು ಆಪರೇಷನ್ ಆಗಿತ್ತು. ಆಗಸ್ಟ್ ತಿಂಗಳ ಬಿಸಿಲು. ಆಕೆ ಒಂದು ಊರುಗೋಲಿಗೆ ಬೂಟಿನ ಲೇಸಿನಿಂದ ಪುಟ್ಟ ಕೊಡೆ ಕಟ್ಟಿಕೊಂಡು ಪಾರ್ಕಿಂಗ್ ಲಾಟ್ ದಾಟಿ ಬಂದಳು. ನನ್ನ ಸಹೋದ್ಯೋಗಿ ರಾಯ್ ಕಿಟಕಿಯಲ್ಲಿ ನೋಡಿ, "ಅದೇನು, ನಡೆದುಕೊಂಡು ಬರುತ್ತಿರುವ ಅಂಗಡಿಯೋ?" ಎಂದು ಗಟ್ಟಿಯಾಗಿ ಕೇಳಿದ. ರಾಯ್ ಟೆಕ್ಸಸ್‌ನಲ್ಲೇ ಹುಟ್ಟಿ ಬೆಳೆದವನು. ಮನಸ್ಸಿಗೆ ಬಂದದ್ದಕ್ಕೂ ಬಾಯಿಗೆ ಬಂದದ್ದಕ್ಕೂ ನಡುವೆ ಅವನಲ್ಲಿ ತಡೆಯಿಲ್ಲ. ಸರಿಯಾಗಿ ವ್ಯಾಯಾಮ ಮಾಡದವರಿಗೆ, ಅವರು ಹೈಸ್ಕೂಲ್ ಹುಡುಗಿಯಾಗಲಿ, ಪಾದ್ರಿಯಾಗಲಿ, "ಇದು ಕಳ್ಳಾಟ, ಇನ್ನೊಮ್ಮೆ ಮಾಡು" ಎಂದುಬಿಡುತ್ತಿದ್ದ. ನನಗೆ ಅವನ ಒರಟುತನ ಹಿಡಿಸುತ್ತಿರಲಿಲ್ಲ.

ಆಕೆ ವ್ಯಾಯಾಮದ ಕೋಣೆಯ ಬಾಗಿಲಲ್ಲಿ ನಿಂತು, ಊರುಗೋಲುಗಳನ್ನು ಕಂಕುಳಿಗೆ ಒತ್ತಿಕೊಂಡು, ಖಾಲಿ ನೆಲಕ್ಕೆ ತಲೆ ಬಗ್ಗಿಸಿದಳು. ಹೋಗುವಾಗಲೂ ಹಾಗೇ. ಸ್ವಲ್ಪ ದಿನದಲ್ಲಿ ಗೊತ್ತಾಯಿತು, ಆಕೆ ಮೈದಾನಕ್ಕೆ ಇಳಿಯುವ ಮುಂಚೆ ಮತ್ತು ಬಿಡುವಾಗ ಬಗ್ಗುವವಳು. ಚಿಕ್ಕಂದಿನಿಂದ ಬಂದ ರೂಢಿ. ಆಡಲಾಗದ ಕಾಲದಲ್ಲಿ ನಮ್ಮ ಕೋಣೆಯೇ ಮೈದಾನವಾಗಿತ್ತು. ಸೈಕಲ್ ತುಳಿದ ಮೇಲೆ ಆ ಯಂತ್ರಕ್ಕೂ ಒಂದು ಬಗ್ಗು, ಭಾರ ಎತ್ತಿದ ಮೇಲೆ ಅದಕ್ಕೂ ಒಂದು.

"ಸೈಕಲ್ಲಿಗೆ ಯಾಕೆ?" ಎಂದು ಒಮ್ಮೆ ಕೇಳಿದೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಆಕೆಯ ಇಂಗ್ಲಿಷ್ ಚಿಕ್ಕ ಚಿಕ್ಕ ವಾಕ್ಯಗಳದ್ದು.

"ಅದು ಕೆಲಸ ಮಾಡಿತು. ನಾನೂ ಮಾಡಿದೆ."

"ಸರಿಯಾಗಿ ಮಾಡದ ದಿನ?"

"ಆವತ್ತು ಹೇಗೆ ಬಗ್ಗೋದು, ಸೆನ್ಸೇ? ಸುಳ್ಳಾಗುತ್ತಲ್ಲ."

ತಮಾಷೆಗೆ ಹೇಳಿದಳೋ ಏನೋ ಅಂದುಕೊಂಡೆ. ಆದರೆ ಒಮ್ಮೆ ಜ್ವರ ಬಂದು ಅರ್ಧ ವ್ಯಾಯಾಮ ಬಿಟ್ಟ ದಿನ ಆಕೆ ಕತ್ತು ನೆಟ್ಟಗೆ ಇಟ್ಟುಕೊಂಡೇ ಹೊರಗೆ ಹೋದಳು. ಆಮೇಲೆ ನಾನು ಅದನ್ನು ಗಮನಿಸುತ್ತಿದ್ದೆ. ಎಷ್ಟೋ ಸಲ ಯಂತ್ರದ ಲೆಕ್ಕ ನೋಡುವ ಬದಲು ಆಕೆಯ ತಲೆ ನೋಡಿ ಆ ದಿನದ ವ್ಯಾಯಾಮ ಹೇಗಾಯಿತೆಂದು ತಿಳಿದುಕೊಳ್ಳುತ್ತಿದ್ದೆ.

ಮಂಡಿಗೆ ಐಸ್ ಕಟ್ಟಿಕೊಂಡು ಮಲಗುವ ಇಪ್ಪತ್ತು ನಿಮಿಷದಲ್ಲಿ ಆಕೆಯ ಕತೆ ತುಂಡು ತುಂಡಾಗಿ ಬಂತು. ಹುಟ್ಟಿದೂರು ಚಿಕ್ಕದು. ಹನ್ನೆರಡರವರೆಗೆ ಹುಡುಗರ ಜೊತೆ ಆಟ. ಆಮೇಲೆ ಹುಡುಗರ ತಂಡ ಸೇರಿಸಲಿಲ್ಲ, ಹುಡುಗಿಯರ ತಂಡ ಊರಲ್ಲಿ ಇರಲಿಲ್ಲ. ಎರಡು ವರ್ಷ ಅಗ್ನಿಶಾಮಕ ಠಾಣೆಯ ಹಿಂದಿನ ಗೋಡೆಗೆ ಚೆಂಡು ಒದ್ದು ಒದ್ದು ಎಡಗಾಲನ್ನು ಪಳಗಿಸಿಕೊಂಡಳು. ಠಾಣೆಯ ಸಿಬ್ಬಂದಿ ಬೈಯುವ ಬದಲು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಕೊಟ್ಟರಂತೆ. ದೊಡ್ಡವಳಾದ ಮೇಲೆ ಒಂದು ತಂಡ ಸಿಕ್ಕಿತು. ಬೆಳಿಗ್ಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಕೆಲಸ, ಸಂಜೆ ಪ್ರಾಕ್ಟೀಸು, ಭಾನುವಾರ ಪಂದ್ಯ.

"ಸೋಮವಾರ ಸಾಲಿನಲ್ಲಿ ನಿಂತವರು ನನ್ನ ಮುಂದೆಯೇ ನಿನ್ನೆಯ ಪಂದ್ಯದ ಮಾತಾಡೋರು. ಮೂಲಂಗಿ ತೂಕ ಮಾಡುತ್ತಿರುವವಳು ಅದರಲ್ಲಿ ಆಡಿದಳು ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ."

"ನೀನು ಹೇಳಲಿಲ್ಲವಾ?"

"ಡಿಫೆಂಡರ್ ಹೆಸರು ಜನರ ಬಾಯಿಗೆ ಬರೋದು ತಪ್ಪು ಮಾಡಿದಾಗ ಮಾತ್ರ, ಸೆನ್ಸೇ. ಹೇಳದಿದ್ದರೇ ಒಳ್ಳೆಯದು."

ದೇಶದ ತಂಡದ ಅಂಗಿ ಹಾಕಿದ್ದು ಒಂದೇ ಸಲ, ಬದಲಿ ಆಟಗಾರ್ತಿಯಾಗಿ, ಹನ್ನೊಂದು ನಿಮಿಷ. ಚೆಂಡು ಎರಡು ಸಲ ಕಾಲಿಗೆ ಸಿಕ್ಕಿತಂತೆ. ಆ ಎರಡನ್ನೂ ಆಕೆ ಮಲಗಿದಲ್ಲಿಂದಲೇ ಪಾದ ಅಲುಗಿಸಿ ತೋರಿಸಿದಳು. ಇಪ್ಪತ್ತೇಳನೇ ವಯಸ್ಸಿನಲ್ಲಿ ಹ್ಯೂಸ್ಟನ್ನಿನ ಒಂದು ತಂಡ ಕರೆಸಿಕೊಂಡಿತು. ಬಿಲ್ ಹಾಕುವ ಕೆಲಸವಿಲ್ಲದೆ, ಬರೀ ಆಟವಾಡಿ ಬದುಕಿದ್ದು ಅಲ್ಲಿಂದೀಚೆಗೆ. ನಾಲ್ಕು ವರ್ಷ ಹ್ಯೂಸ್ಟನ್, ಆಮೇಲೆ ಡಾಲಸ್, ಆಮೇಲೆ ಈ ಮಂಡಿ. ಆಡದ ಆ ತಿಂಗಳುಗಳಲ್ಲೂ ಪ್ರತಿ ಸಂಜೆ ಹಳೆಯ ಟೂತ್‌ಬ್ರಷ್ಷಿನಿಂದ ಬೂಟು ಉಜ್ಜುತ್ತಿದ್ದಳು. ಮಣ್ಣೇ ಇಲ್ಲದ ಬೂಟು.

ಆ ಚಳಿಗಾಲದಲ್ಲಿ ನನ್ನ ಅತ್ತೆ ಧಾರವಾಡದಿಂದ ಬಂದಿದ್ದರು. ಒಂದು ಭಾನುವಾರ ಆಕೆಯನ್ನು ಊಟಕ್ಕೆ ಕರೆದೆ. ಆಕೆ ಹೊಸ್ತಿಲ ಮುಂದೆ ಬಗ್ಗಿದ್ದೇ ತಡ ಅತ್ತೆ ಸೋತುಹೋದರು. "ನೋಡವಾ, ಎಷ್ಟ್ ಛಲೋ ಸಂಸ್ಕಾರ ಐತಿ. ನಿಮ್ಮ ಮಂದಿ ಚಪ್ಲಿ ಸೈತ ನೆಟ್ಟಗ ಬಿಡಂಗಿಲ್ಲ," ಎಂದು ನನಗೊಂದು ಪೆಟ್ಟು ಕೊಟ್ಟು ಬಡಿಸಲು ನಿಂತರು. ಅತ್ತೆ ಇನ್ನಷ್ಟು ಹಾಕಲೇ ಎಂದು ಸೌಟು ಎತ್ತುವುದು, ಆಕೆ ಬೇಡ ಎನ್ನಲಾಗದೆ ತಟ್ಟೆ ಮುಂದೆ ಮಾಡುವುದು. ಎರಡು ಕಡೆಯೂ ನಿಲ್ಲಿಸುವವರಿಲ್ಲ. ನಾಲ್ಕು ಸಲ ಮೊಸರನ್ನ, ಜೊತೆಗೆ ಕೆಂಪು ಮೆಣಸಿನಕಾಯಿ ಚಟ್ನಿ. ಮಂಗಳವಾರ ಆಕೆ ಕ್ಲಿನಿಕ್ಕಿಗೆ ಬರಲಿಲ್ಲ. ಹೊಟ್ಟೆ ಕೆಟ್ಟಿತ್ತು.

ನಾನು ರಾಯ್‌ಗೆ ಕತೆ ಹೇಳಿದೆ. ಅವನಿಗೆ ಅರ್ಥವೇ ಆಗಲಿಲ್ಲ. "ಸಾಕು ಅನ್ನುವ ಒಂದು ಮಾತು. ಅದಕ್ಕೇನು ಕಷ್ಟ?"

ಕಷ್ಟ ಏನೆಂದು ಅವನಿಗೆ ವಿವರಿಸಲು ಹೋಗಲಿಲ್ಲ. ನನ್ನ ಮನೆಯಲ್ಲಿ ಯಾರಿಗೂ ಮುಖದ ಮೇಲೆ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲ. ನೋಡೋಣ, ಆಗಲಿ, ಮುಂದೆ ಯಾವಾಗಲಾದರೂ ಎನ್ನುತ್ತೇವೆ. ಆಕೆಯ ಊರಲ್ಲೂ ಹಾಗೇ ಅಂತೆ. ನಮ್ಮಿಬ್ಬರಿಗೆ ಇದರಿಂದಲೇ ಚೆನ್ನಾಗಿ ಹೊಂದಿಕೊಂಡಿತು ಎಂದು ನಾನು ತಿಳಿದಿದ್ದೆ.

ಆಪರೇಷನ್ ಆಗಿ ಒಂಬತ್ತು ತಿಂಗಳಿಗೆ ಪರೀಕ್ಷೆಯ ದಿನ ಬಂತು. ಇದು ಸರಳವಾದ ಪರೀಕ್ಷೆ. ನೆಲದ ಮೇಲೆ ಅಳತೆಯ ಟೇಪು ಅಂಟಿಸಿರುತ್ತೇವೆ. ಮೊದಲು ಒಳ್ಳೆಯ ಕಾಲಿನ ಮೇಲೆ ನಿಂತು, ಅದೇ ಕಾಲಿನಲ್ಲಿ ಎಷ್ಟು ದೂರ ಆಗುತ್ತದೋ ಅಷ್ಟು ಹಾರಬೇಕು. ಮೂರು ಸಲ. ಆಮೇಲೆ ಆಪರೇಷನ್ ಆದ ಕಾಲಿನಲ್ಲಿ ಮೂರು ಸಲ. ಒಳ್ಳೆಯ ಕಾಲಿನ ದೂರದಲ್ಲಿ ನೂರಕ್ಕೆ ತೊಂಬತ್ತರಷ್ಟಾದರೂ ಇನ್ನೊಂದು ಕಾಲು ಹಾರಿದರೆ ಆಟಕ್ಕೆ ಹೋಗಬಹುದೆಂದು ನಾನು ಸಹಿ ಹಾಕುತ್ತೇನೆ. ಹಾರದಿದ್ದರೆ ಇನ್ನೂ ಮೂರು ತಿಂಗಳು ಕಾಯಬೇಕು. ಆಕೆಗೆ ಮೂರು ತಿಂಗಳು ಇರಲಿಲ್ಲ. ಸೀಸನ್ನಿನ ಕೊನೆಯ ಪಂದ್ಯ ಎರಡು ವಾರದಲ್ಲಿ, ಹ್ಯೂಸ್ಟನ್ನಿನಲ್ಲಿ. ಅದರೊಂದಿಗೆ ಕಾಂಟ್ರಾಕ್ಟ್ ಮುಗಿಯುತ್ತಿತ್ತು. ಮೂವತ್ತಮೂರು ವರ್ಷದ, ಒಂದಿಡೀ ಸೀಸನ್ ಆಡದ ಡಿಫೆಂಡರನ್ನು ಮುಂದಿನ ವರ್ಷ ಯಾವ ತಂಡವೂ ತೆಗೆದುಕೊಳ್ಳುವುದಿಲ್ಲ ಎನ್ನುವುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಎಡಗಾಲು ಮೂರು ಸಲ ಹಾರಿತು. ಅತಿ ಹೆಚ್ಚೆಂದರೆ ಒಂದು ಮೀಟರ್ ಮೂವತ್ತೆರಡು. ಬರೆದುಕೊಂಡೆ. ಆಮೇಲೆ ಬಲಗಾಲು. ಮೊದಲ ಸಲ ಹಾರಿ ಇಳಿದು, ಹಿಮ್ಮಡಿ ಜೋಡಿಸಿ, ನೆಲದ ಟೇಪಿಗೆ ತಲೆ ಬಗ್ಗಿಸಿದಳು. ಆಗ ನನಗೆ ಹೊಳೆಯಿತು. ಎಡಗಾಲು ಹಾರಿದಾಗ ಮೂರು ಸಲವೂ ಆಕೆ ಬಗ್ಗಿರಲಿಲ್ಲ.

ಬಲಗಾಲು ಒಂದು ಮೀಟರ್ ಇಪ್ಪತ್ತನಾಲ್ಕು ಹಾರಿತು. ಲೆಕ್ಕ ಹಾಕಿದರೆ ನೂರಕ್ಕೆ ತೊಂಬತ್ತನಾಲ್ಕು, ಪಾಸು. ಆದರೆ ಅಗ್ನಿಶಾಮಕ ಠಾಣೆಯ ಗೋಡೆಗೆ ಎರಡು ವರ್ಷ ಒದ್ದ ಆ ಎಡಗಾಲು ಬರೀ ಒಂದು ಮೂವತ್ತೆರಡು ಹಾರುವ ಕಾಲಾಗಿರಲಿಲ್ಲ. ಒಳ್ಳೆಯ ಕಾಲಿನ ದೂರ ಕಡಿಮೆ ಮಾಡಿದರೆ ಕೆಟ್ಟ ಕಾಲಿನ ಅಂಕ ತಾನಾಗಿ ಏರುತ್ತದೆ. ಪಕ್ಕದ ಮೇಜಿನ ರಾಯ್ ನೋಡಿದ್ದರೆ ಕಳ್ಳಾಟ ಎಂದು ಅಲ್ಲೇ ಕೂಗುತ್ತಿದ್ದ. ಅವನು ಆವತ್ತು ರಜೆಯಲ್ಲಿದ್ದ.

ನಾನು ಹೇಳಿದ್ದಿಷ್ಟು: "ಟೇಪು ಸ್ವಲ್ಪ ಸರಿದಿದೆ ಅನಿಸುತ್ತೆ. ಎಡಗಾಲು ಇನ್ನೊಂದು ಸಲ ನೋಡೋಣವಾ?"

ಆಕೆ ಟೇಪಿನ ಎರಡೂ ತುದಿ ನೋಡಿದಳು. ಎರಡೂ ತುದಿಗೆ ನಾನೇ ಬೆಳಿಗ್ಗೆ ನೀಲಿ ಪಟ್ಟಿ ಒತ್ತಿ ಅಂಟಿಸಿದ್ದೆ. ಸರಿಯುವ ಮಾತೇ ಇರಲಿಲ್ಲ.

"ಸರಿಯಾಗೇ ಇದೆ ಅನಿಸುತ್ತೆ, ಸೆನ್ಸೇ," ಎಂದಳು ಮೆಲ್ಲಗೆ.

"ಹೌದಾ? ಸರಿ ಹಾಗಾದರೆ."

ಸಹಿ ಹಾಕಿದೆ. ಆಕೆಯ ಮಾನ ಉಳಿಸಿದೆ ಎಂದುಕೊಂಡೆ. ಇನ್ನೊಂದು ಅವಕಾಶ ಕೊಟ್ಟಿದ್ದೆನಲ್ಲ, ಆಕೆಯೇ ಬೇಡವೆಂದಳಲ್ಲ ಎಂದೂ ಅಂದುಕೊಂಡೆ. ಕಾಗದ ತೆಗೆದುಕೊಂಡು ಆಕೆ ಬಾಗಿಲ ತನಕ ಹೋದಳು, ಬಾಗಿಲಲ್ಲಿ ಒಂದು ಕ್ಷಣ ನಿಂತಳು, ಬಗ್ಗದೆ ಹೋದಳು.

ಹ್ಯೂಸ್ಟನ್ನಿಗೆ ನಾನೂ ಹೋಗಿದ್ದೆ. ಟಿಕೆಟ್ಟು ಆಕೆಯೇ ಕಳಿಸಿದ್ದಳು. ಗೆರೆಯ ಬಳಿ ನಿಂತು ಆಕೆ ಮೈದಾನಕ್ಕೆ ಬಗ್ಗಿದಾಗ ಹಳೆಯ ಅಭಿಮಾನಿಗಳು ಕೆಲವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಪ್ಪತ್ತಮೂರು ನಿಮಿಷ ಚೆನ್ನಾಗಿ ಆಡಿದಳು. ಆಮೇಲೆ ಬೆನ್ನ ಹಿಂದೆ ಬಿದ್ದ ಒಂದು ಉದ್ದದ ಚೆಂಡಿಗಾಗಿ ತಿರುಗಿದಳು. ಹತ್ತಿರ ಯಾರೂ ಇರಲಿಲ್ಲ, ಯಾರೂ ತಾಕಲಿಲ್ಲ. ಇದ್ದಲ್ಲೇ ಕುಸಿದು ಕೂತಳು. ಕೂಗಲಿಲ್ಲ. ಬೆಂಚಿನ ಕಡೆ ಒಂದು ಕೈ ಎತ್ತಿದಳು, ಅಷ್ಟೇ. ಸ್ಟ್ರೆಚರ್ ಗೆರೆ ದಾಟುವ ಮುಂಚೆ ಹೊತ್ತವರಿಗೆ ಏನೋ ಹೇಳಿದಳು. ಅವರು ನಿಂತರು. ಮಲಗಿದಲ್ಲಿಂದಲೇ ಮೊಣಕೈ ಊರಿ ಎದ್ದು ಹುಲ್ಲಿನ ಕಡೆ ತಲೆ ಬಗ್ಗಿಸಿದಳು. ನನ್ನ ಕೈಯಲ್ಲಿ ಕಾಗದದ ತಟ್ಟೆಯಲ್ಲಿ ತಿಂಡಿಯಿತ್ತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಪಂದ್ಯ ಮುಗಿಯುವವರೆಗೂ ಹಿಡಿದುಕೊಂಡೇ ಕೂತಿದ್ದೆ.

ಎರಡನೇ ಆಪರೇಷನ್ ಆಯಿತು. ನಡೆಯಬಹುದು, ಓಡಬಹುದು, ಪಂದ್ಯ ಆಡುವ ಹಾಗಿಲ್ಲ ಎಂದರು ಸರ್ಜನ್. ಆಕೆ ಬೇರೆ ಕ್ಲಿನಿಕ್ಕಿಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಹೋಗಲಿ ಎಂದು ಬಯಸಿದ್ದೆ. ನನ್ನ ಬಳಿಯೇ ಬಂದಳು. ಎಂಟು ತಿಂಗಳು, ಮಂಗಳವಾರ ಮತ್ತು ಶುಕ್ರವಾರ, ನಾಲ್ಕು ಗಂಟೆಗೆ. ಅದೇ ಮೇಜು, ಅದೇ ಐಸ್. ಹವಾಮಾನದ ಬಗ್ಗೆ ಮಾತಾಡಿದೆವು, ಅತ್ತೆಯ ಚಟ್ನಿಯ ಬಗ್ಗೆ ಮಾತಾಡಿದೆವು. ಟೇಪಿನ ಬಗ್ಗೆ ಆಕೆಯೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಯ ದಿನ ನನಗೊಂದು ಡಬ್ಬಿ ಸಿಹಿ ಕೊಟ್ಟು, ಜಾರ್ಜ್‌ಟೌನ್‌ನಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಸಿಕ್ಕಿದೆ ಎಂದು ಹೇಳಿ ಹೊರಟಳು.

ನಾನು ಸಹಿ ಹಾಕದಿದ್ದರೂ ಎಂದಾದರೂ ಆ ಮಂಡಿ ಹೋಗುತ್ತಿತ್ತೋ ಏನೋ. ತೊಂಬತ್ತು ದಾಟಿದವರದ್ದೂ ಹೋಗುತ್ತದೆ. ಈ ಸಮಾಧಾನವನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡಷ್ಟು ಸಲವೂ ನಾಚಿಕೆಯಾಗಿದೆ.

ಶನಿವಾರ ಮೂರು ಗಂಟೆ ಡ್ರೈವ್ ಮಾಡಿ ಜಾರ್ಜ್‌ಟೌನ್ ತಲುಪಿದೆ. ಶಾಲೆಯ ಹಿಂದಿನ ಮೈದಾನ, ಬೇಲಿಯಾಚೆ ಇನ್ನೂ ಬಣ್ಣ ಕಾಣದ ಹೊಸ ಮನೆಗಳು. ಹದಿನಾಲ್ಕು ಹುಡುಗಿಯರು ಸಾಲಾಗಿ ನಿಂತು ಮೈದಾನಕ್ಕೆ ಬಗ್ಗಿ ಒಳಗೆ ಓಡಿದರು. ಅನ್ವಿ ಬಗ್ಗಿದ್ದಲ್ಲದೆ, ಭರತನಾಟ್ಯದ ಕ್ಲಾಸಿನಲ್ಲಿ ಮಾಡುವ ಹಾಗೆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಕೆ ಅದನ್ನು ತಿದ್ದಲಿಲ್ಲ. ದೂರದಿಂದ ನನ್ನನ್ನು ನೋಡಿ ಕೈ ಬೀಸಿದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ನಡಿಗೆಯಲ್ಲಿ ಕುಂಟು ಇರಲಿಲ್ಲ. ನಡಿಗೆ ನೋಡುವುದು ನನ್ನ ಕಸುಬಿನ ಚಟ.

ಪ್ರಾಕ್ಟೀಸಿನ ನಡುವೆ ಹುಲ್ಲಿನ ಮೇಲೆ ಅಳತೆಯ ಟೇಪು ಹಾಸಿದಳು. ಅನ್ವಿಯ ಬಲಪಾದ ಹೋದ ತಿಂಗಳು ಉಳುಕಿತ್ತಂತೆ. ಭಾನುವಾರದ ಪಂದ್ಯಕ್ಕೆ ಸೇರಿಸಬೇಕೋ ಬೇಡವೋ ಎಂದು ನೋಡಬೇಕಿತ್ತು. ಅನ್ವಿ ಎಡಗಾಲಿನಲ್ಲಿ ಹಾರಿದಳು. ಇಪ್ಪತ್ತು ಹೆಜ್ಜೆ ಆಚೆ ನಿಂತಿದ್ದ ಆಕೆ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು: "ಅನ್ವಿ, ಸುಳ್ಳು. ಇನ್ನೊಮ್ಮೆ ಹಾರು."

"ಇಟ್ಸ್ ನಾಟ್ ಫೇರ್, ಕೋಚ್!"

"ಪೂರ್ತಿ ಹಾರು."

ಎರಡನೇ ಸಲ ಅನ್ವಿ ಪೂರ್ತಿ ಹಾರಿದಳು. ಆಮೇಲೆ ಬಲಗಾಲು ಹಾರಿದರೆ ತೊಂಬತ್ತರ ಲೆಕ್ಕ ಕೂಡಲಿಲ್ಲ. ಭಾನುವಾರ ಬೆಂಚಿನಲ್ಲಿ ಎಂದು ಅಲ್ಲೇ ತೀರ್ಮಾನವಾಯಿತು. ಹುಡುಗಿ ಅತ್ತಳು. ಆಕೆ ಪಕ್ಕದಲ್ಲಿ ಮಂಡಿಯೂರಿ, ಏನೂ ಸಮಾಧಾನ ಹೇಳದೆ, ಅವಳ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದಳು.

ಸುಷ್ಮಾಳ ಮುಖ ಸಣ್ಣದಾಯಿತು. "ಇವರು ಹೀಗೇ ಕಣೇ, ಮುಖಕ್ಕೆ ಹೊಡೆದ ಹಾಗೆ ಹೇಳ್ಬಿಡ್ತಾರೆ. ಮೊದಮೊದಲು ನಮಗೆಲ್ಲ ತುಂಬಾ ಬೇಜಾರಾಗ್ತಿತ್ತು."

"ಬಂದಾಗಿಂದ ಹೀಗೇನಾ?"

"ಹೂಂ, ಮೊದಲನೇ ದಿನದಿಂದ. ಜಪಾನಿನವರು ತುಂಬಾ ಪೊಲೈಟ್ ಅಂತಾರಪ್ಪ. ಇವರಿಗೆ ನೋ ಅನ್ನೋದು ನಾಲಿಗೆ ತುದೀಲೇ ಇರುತ್ತೆ."

ನಾಲ್ಕು ಸಲ ಮೊಸರನ್ನ ಹಾಕಿಸಿಕೊಂಡವಳು ಈಕೆಯೇ ಎಂದು ಹೇಳಿದರೆ ಸುಷ್ಮಾ ನಂಬುತ್ತಿರಲಿಲ್ಲ.

ಕೇಕ್ ಕತ್ತರಿಸಿದರು. ನಾನು ಎರಡು ಮಾತಾಡಿದೆ. ಶಿಸ್ತು, ಶ್ರಮ ಎಂದೆಲ್ಲ ಹೇಳಿರಬೇಕು; ನೆನಪಿಲ್ಲ. ಆಕೆ ಊರಿಗೆ ಹೋಗಿ ಹುಡುಗಿಯರದ್ದೊಂದು ತಂಡ ಕಟ್ಟುತ್ತಾಳೆಂದು ಆಗ ತಿಳಿಯಿತು. ಅಗ್ನಿಶಾಮಕ ಠಾಣೆಯ ಗೋಡೆ ಇನ್ನೂ ಇದೆಯಂತೆ. ಒಂದೊಂದಾಗಿ ಕಾರುಗಳು ಹೊರಟವು. ಮೈದಾನದಲ್ಲಿ ನಾವಿಬ್ಬರೇ ಉಳಿದೆವು. ಟೇಪು ಇನ್ನೂ ಹುಲ್ಲಿನ ಮೇಲೆ ಹಾಸಿಕೊಂಡೇ ಇತ್ತು. ಸುತ್ತಿಡೋಣವೆಂದು ನಾನು ಬಗ್ಗಿದೆ.

"ಸೆನ್ಸೇ," ಎಂದಳು. "ಟೇಪು ಸರಿದಿದೆಯಾ, ನೋಡಿ."

ಎರಡು ತುದಿಯಲ್ಲೂ ಮೊಳೆ ಹೊಡೆದಿತ್ತು.

"ಸರಿದಿಲ್ಲ," ಎಂದೆ. "ಆವತ್ತೂ ಸರಿದಿರಲಿಲ್ಲ."

"ಗೊತ್ತು. ನಾನು ಬಗ್ಗಲಿಲ್ಲ ಅನ್ನೋದನ್ನು ನೀವು ನೋಡಿದಿರಿ. ಅದೂ ಗೊತ್ತು."

ಆಕೆ ಟೇಪಿನ ತುದಿಗೆ ಹೋಗಿ ಎಡಗಾಲಿನ ಮೇಲೆ ನಿಂತಳು. ತೋಳು ಹಿಂದಕ್ಕೆ ಬೀಸಿ ಹಾರಿದಳು. ಇಳಿದ ಕಾಲು ಅಲುಗಲಿಲ್ಲ. ನಾನು ಹಿಮ್ಮಡಿಯ ಪಕ್ಕ ಕೂತು ನೋಡಿದೆ.

"ಎಷ್ಟು?"

"ಒಂದು ಮೀಟರ್ ಐವತ್ತೊಂದು."

"ಮೂವತ್ತೊಂಬತ್ತು ವರ್ಷಕ್ಕೆ," ಎಂದಳು. "ಆವತ್ತು ಇನ್ನೂ ಜಾಸ್ತಿ ಹಾರುತ್ತಿದ್ದೆ."

ಲೆಕ್ಕ ತಾನಾಗಿ ಆಯಿತು: ಆವತ್ತಿನ ಬಲಗಾಲು ಇದರಲ್ಲಿ ನೂರಕ್ಕೆ ಎಂಬತ್ತೆರಡು. ಬಗ್ಗುತ್ತಾಳೆಂದು ಕಾದೆ. ಬಗ್ಗಲಿಲ್ಲ. ಕೆಲಸ ಇನ್ನೂ ಮುಗಿಯದವಳ ಹಾಗೆ ನನ್ನನ್ನೇ ನೋಡುತ್ತ ನಿಂತಿದ್ದಳು.

"ಆವತ್ತು ಹೀಗೆ ಹಾರಿದ್ದರೆ ಸಹಿ ಹಾಕುತ್ತಿದ್ದಿರಾ?"

ಹೇಳಬಹುದಾದ ಮಾತುಗಳು ಹತ್ತಾರು ಬಾಯಿಗೆ ಬಂದವು. ಪರಿಸ್ಥಿತಿ ನೋಡಬೇಕಿತ್ತು, ಸರ್ಜನ್ನರನ್ನು ಕೇಳಬೇಕಿತ್ತು, ಈಗ ಯಾಕೆ ಆ ಮಾತು. ಎಲ್ಲವೂ ನನ್ನ ಮನೆಯ ಮಾತುಗಳು, ಹುಟ್ಟಿದಾಗಿನಿಂದ ಆಡಿದವು. ಸಹಿ ಹಾಕದಿದ್ದರೆ ಆ ಇಪ್ಪತ್ತಮೂರು ನಿಮಿಷ ಆಕೆಗೆ ಸಿಗುತ್ತಿರಲಿಲ್ಲ ಎನ್ನುವುದೂ ತಲೆಯಲ್ಲಿತ್ತು.

"ಇಲ್ಲ," ಎಂದೆ. "ಹಾಕುತ್ತಿರಲಿಲ್ಲ."

ಆಕೆ ಹಿಮ್ಮಡಿ ಜೋಡಿಸಿದಳು. ಎರಡೂ ಕೈಗಳನ್ನು ತೊಡೆಗೆ ಒತ್ತಿ, ನನ್ನ ಕಡೆ ತಿರುಗಿ, ಸೊಂಟದಿಂದ ಬಗ್ಗಿದಳು. ಹುಲ್ಲಿನ ಮೇಲೆ ಕೂತೇ ಇದ್ದ ನಾನು ಟೇಪಿನ ಮೇಲಿಟ್ಟ ಬೆರಳನ್ನು ಇನ್ನೂ ತೆಗೆದಿರಲಿಲ್ಲ.